“ಬೋರ್ಡಿನಲ್ಲಿ ಪಾಸಾಗಿದೆ” ಅಂದರೆ ಏನು? – ಓದುಗರ ಪ್ರಶ್ನೆ, ನಿವೃತ್ತ ಹೆಡ್ ಕ್ಲಾರ್ಕಿನ ಉತ್ತರ

2025ರ ಡಿಸೆಂಬರಿನಲ್ಲಿ ಕೇರಳದ ಪಂಚಾಯತು ಚುನಾವಣೆ ಮುಗಿದು ಹೊಸ ಆಡಳಿತ ಸಮಿತಿಗಳು ಬಂದು ಕೂತ ಮೇಲೆ ಈ ಅಂಕಣಕ್ಕೆ ಬರುವ ಕಾಗದ ಜಾಸ್ತಿಯಾಗಿದೆ. ಹಾರ, ಪಟಾಕಿ ಎಲ್ಲ ಆಯಿತು, ಇನ್ನು ಜನರಿಗೆ ಕೆಲಸ ಆಗಬೇಕು. ಪ್ರಶ್ನೆಗಳಲ್ಲಿ ಹೆಚ್ಚಿನವು ಮಂಜೇಶ್ವರ, ಕಾಸರಗೋಡು ತಾಲೂಕುಗಳಿಂದ ಬಂದವು. ಊರ ಹೆಸರು ಬೇಡ ಎಂದವರದ್ದು ಹಾಕಿಲ್ಲ. ಒಂದೇ ವಿಷಯ ಕೇಳಿದ ನಾಲ್ಕೈದು ಕಾಗದಗಳನ್ನು ಒಟ್ಟು ಮಾಡಿ ಒಂದೇ ಉತ್ತರ ಬರೆದಿದ್ದೇನೆ. ನಾನು ಪಂಚಾಯತು ನೌಕರಿಯಿಂದ ನಿವೃತ್ತಳಾದವಳು, ವಕೀಲಳಲ್ಲ. ಕೋರ್ಟಿಗೆ ಹೋಗುವ ತಕರಾರಿದ್ದರೆ ದಯವಿಟ್ಟು ವಕೀಲರನ್ನೇ ಕಾಣಿ.

ಪ್ರಶ್ನೆ: ಅಕ್ಕ, ನಮ್ಮ ಗುಡ್ಡೆಯ ಮನೆಗಳಿಗೆ ಹೋಗುವ ಒಳರಸ್ತೆಗೆ ಕಾಂಕ್ರೀಟು ಹಾಕಲು “ಬೋರ್ಡಿನಲ್ಲಿ ಪಾಸಾಗಿದೆ” ಎಂದು ಹಿಂದಿನ ಮೆಂಬರ್ ಹೇಳಿದ್ದರು. ಎರಡು ಮಳೆಗಾಲ ಕಳೆಯಿತು. ಈಗಿನ ಮೆಂಬರ್ “ಹಾಗೊಂದು ಕೆಲಸವೇ ಪಟ್ಟಿಯಲ್ಲಿಲ್ಲ” ಅನ್ನುತ್ತಾರೆ. ಇವರಲ್ಲಿ ಸುಳ್ಳು ಹೇಳುವುದು ಯಾರು?
– ಮಂಜೇಶ್ವರ ತಾಲೂಕಿನ ಓದುಗರು

ಉತ್ತರ: ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ ತಮ್ಮಾ. “ಪಾಸಾಗಿದೆ” ಅನ್ನುವುದು ನಮ್ಮ ಕಡೆ ಬಹಳ ಸಸ್ತಾ ಮಾತು. ಬೋರ್ಡ್ ಮೀಟಿಂಗ್, ಅಂದರೆ ಪಂಚಾಯತು ಸಮಿತಿಯ ಸಭೆ, ಹೇಗೆ ನಡೆಯುತ್ತದೆಂದು ಸ್ವಲ್ಪ ಹೇಳುತ್ತೇನೆ, ನಿಮ್ಮ ರಸ್ತೆ ಎಲ್ಲಿ ಸಿಕ್ಕಿಬಿದ್ದಿದೆ ಎಂದು ನೀವೇ ಊಹಿಸಬಹುದು.

ಪಂಚಾಯತು ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಅಜೆಂಡಾ ಪೂರ್ತಿ ಮೂರು ದಿನ ಮೊದಲು ಸದಸ್ಯರ ಕೈಸೇರಬೇಕು. ನೋಟೀಸು ಕೊಟ್ಟ ದಿನ, ಮೀಟಿಂಗಿನ ದಿನ ಎರಡೂ ಲೆಕ್ಕಕ್ಕಿಲ್ಲ. ಒಟ್ಟು ಸದಸ್ಯರಲ್ಲಿ ಮೂರರಲ್ಲೊಂದು ಪಾಲು ಬಂದರೆ ಮೀಟಿಂಗು ನಡೆಸಬಹುದು, ಅದೇ ಕೋರಂ. ನಾನಿದ್ದ ಕಛೇರಿಯಲ್ಲಿ ಹನ್ನೊಂದು ಗಂಟೆಗೆ ಮೀಟಿಂಗು. ಎಲ್ಲರ ಮುಂದೆ ಮಲಯಾಳದಲ್ಲಿ ಟೈಪಾದ ಅಜೆಂಡಾ. ಅಧ್ಯಕ್ಷರು ಮಲಯಾಳದಲ್ಲಿ ಓದುವುದು, ಸದಸ್ಯರು ತುಳುವಿನಲ್ಲಿ ಜಗಳ ಮಾಡುವುದು, ರಾಜಿಯಾಗುವುದು ಕನ್ನಡದಲ್ಲೋ ಬ್ಯಾರಿಯಲ್ಲೋ, ಮಿನಿಟ್ಸ್ (ಸಭೆಯ ನಡಾವಳಿ) ಪುನಃ ಮಲಯಾಳದಲ್ಲಿ. ಮೊದಮೊದಲ ವಿಷಯಗಳು ಸರಸರನೆ ಹೋಗುತ್ತವೆ: ಹಿಂದಿನ ತಿಂಗಳ ಜಮಾ-ಖರ್ಚು, ಪಿಂಚಣಿ ಅರ್ಜಿಗಳ ಪಟ್ಟಿ, ತಿರುವನಂತಪುರದಿಂದ ಬಂದ ಸುತ್ತೋಲೆ, ಬೀದಿದೀಪದ ಕರೆಂಟು ಬಿಲ್ಲು. ಯಾವ ವಾರ್ಡಿಗೆ ಎಷ್ಟು ಹಣ ಅನ್ನುವಲ್ಲಿಗೆ ಬಂದಾಗ ಕುರ್ಚಿಗಳು ಹಿಂದೆ ಸರಿಯುವ ಸದ್ದು ಕೇಳುತ್ತದೆ. ಚಾ, ಪರಿಪ್ಪುವಡೆ ಬಂದರೆ ಐದು ನಿಮಿಷ ಶಾಂತಿ.

ಅಜೆಂಡಾದ ಕಟ್ಟಕಡೆಯಲ್ಲಿ ಒಂದು ಸಾಲು ಇರುತ್ತದೆ: “ಅಧ್ಯಕ್ಷರ ಅನುಮತಿಯೊಂದಿಗೆ ಇತರ ವಿಷಯಗಳು.” ಒಂದೂವರೆ ಗಂಟೆಯ ಹೊತ್ತಿಗೆ, ಅರ್ಧ ಮಂದಿ ಚೀಲ ಹೆಗಲಿಗೆ ಹಾಕಿಕೊಂಡಾಗ, ಮೆಂಬರುಗಳು ತಮ್ಮತಮ್ಮ ವಾರ್ಡಿನ ಬೇಡಿಕೆ ಹೇಳುವ ಜಾಗ ಇದು. ನಿಮ್ಮ ರಸ್ತೆ ಬಹುಮಟ್ಟಿಗೆ ಇಲ್ಲಿಯೇ ಬಂದಿರಬೇಕು. ಮೆಂಬರ್ ಹೇಳಿದರು, ಅಧ್ಯಕ್ಷರು ತಲೆಯಾಡಿಸಿದರು, ಯಾರೂ ಬೇಡ ಅನ್ನಲಿಲ್ಲ. ಹೊರಗೆ ಬಂದವರು ನಿಮಗೆ ಫೋನು ಮಾಡಿ ಪಾಸಾಗಿದೆ ಎಂದರು. ಮಿನಿಟ್ಸಿನಲ್ಲಿ ಏನು ಬಿದ್ದಿದೆ? “ಪರಿಶೀಲಿಸಲು ತೀರ್ಮಾನಿಸಿದೆ” ಎಂದಿದ್ದರೆ ಏನೂ ಆಗಿಲ್ಲ. “ಸ್ಥಾಯಿ ಸಮಿತಿಗೆ ಬಿಡಲಾಯಿತು” ಎಂದಿದ್ದರೆ ಇನ್ನೊಂದು ಮೇಜಿಗೆ ಹೋಗಿದೆ. “ಮುಂದಿನ ವಾರ್ಷಿಕ ಯೋಜನೆಯಲ್ಲಿ ಸೇರಿಸಲು ತೀರ್ಮಾನಿಸಿದೆ” ಎಂದಿದ್ದರೆ ಮಾತ್ರ ಹಿಡಿದುಕೊಳ್ಳಲು ನಿಮಗೊಂದು ದಾರ ಸಿಕ್ಕಿತು. ಏನೂ ಬಿದ್ದಿಲ್ಲದೆಯೂ ಇರಬಹುದು.

ದಾರ ಸಿಕ್ಕಿದರೂ ರಸ್ತೆ ಸಿಕ್ಕಿದ ಹಾಗಲ್ಲ. ಮೊದಲು ಗ್ರಾಮಸಭೆಯ ಪಟ್ಟಿಯಲ್ಲಿ ನಿಮ್ಮ ರಸ್ತೆಯ ಹೆಸರು ಬರಬೇಕು. ಆಮೇಲೆ ವರ್ಕಿಂಗ್ ಗ್ರೂಪು, ಅಭಿವೃದ್ಧಿ ಸೆಮಿನಾರು, ಪಂಚಾಯತು ಸಮಿತಿ ಮಂಜೂರು ಮಾಡಿದ ಯೋಜನೆ, ಅದಕ್ಕೆ ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ. ಅಲ್ಲಿಂದ ಇಂಜಿನಿಯರರ ಎಸ್ಟಿಮೇಟು, ತಾಂತ್ರಿಕ ಮಂಜೂರಾತಿ, ಟೆಂಡರು, ಕರಾರು. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಟ್ರೆಶರಿಗೆ ಹೋಗಬೇಕು, ಅದೂ ಮಾರ್ಚ್ 31ರ ಒಳಗೆ. ಮಾರ್ಚ್ ಕೊನೆಯ ವಾರ ಟ್ರೆಶರಿಯಲ್ಲಿ ಬಿಲ್ಲುಗಳು ಸಾಲು ಹಿಡಿದು ನಿಲ್ಲುತ್ತವೆ. ಉಳಿದದ್ದು ಮುಂದಿನ ವರ್ಷಕ್ಕೆ ಬಾಕಿ ಕೆಲಸವಾಗಿ ಹೋಗುತ್ತದೆ, ಮುಂದಿನ ವರ್ಷದ ಹಣವನ್ನೂ ತಿನ್ನುತ್ತದೆ. 1996ರ ಆಗಸ್ಟಿನಲ್ಲಿ ಜನಕೀಯಾಸೂತ್ರಣ ಶುರುವಾದಾಗ ಇದೆಲ್ಲ ಊರಿನವರೇ ಕೂತು ಬರೆಯುವ ಯೋಜನೆ ಎಂದು ನಮಗೆ ಭಾರೀ ಹುರುಪಿತ್ತು. ಹುರುಪು ಸ್ವಲ್ಪ ಇಳಿದಿದೆ, ಕ್ರಮ ಮಾತ್ರ ಹಾಗೇ ಉಳಿದಿದೆ. ಹಾಗಾಗಿ ಗ್ರಾಮಸಭೆಗೆ ಹೋಗದವರ ರಸ್ತೆ ಯೋಜನೆಗೆ ಬರುವುದು ಕಷ್ಟ.

ಇನ್ನೊಂದು ತೊಡಕು ಇದೆ, ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಆ ಒಳರಸ್ತೆ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಉಂಟೇ? ಗುಡ್ಡೆಯ ರಸ್ತೆಗಳಲ್ಲಿ ಎಷ್ಟೋ ರಸ್ತೆಗಳು ಯಾರದೋ ಅಡಿಕೆ ತೋಟದ ಬದಿಯಿಂದ ಒಪ್ಪಿಗೆಯ ಮೇಲೆ ನಡೆದುಬಂದವು. ಖಾಸಗಿ ಜಾಗಕ್ಕೆ ಪಂಚಾಯತು ಕಾಂಕ್ರೀಟು ಹಾಕುವಂತಿಲ್ಲ. ಜಾಗದವರೆಲ್ಲ ಬರೆದು ಬಿಟ್ಟುಕೊಡಬೇಕು. ಒಬ್ಬರು ಸಹಿ ಹಾಕದಿದ್ದರೆ ಫೈಲು ಅಲ್ಲಿಗೇ ನಿಂತಿತು. ಆ ಒಬ್ಬರು ಯಾರು ಎಂದು ಕಛೇರಿಯವರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಹಿಂದಿನ ಮೆಂಬರ್ ಹತ್ತಿರ ಹೋಗಿ “ಯಾವ ತಾರೀಕಿನ ಮೀಟಿಂಗು, ತೀರ್ಮಾನ ನಂಬ್ರ ಎಷ್ಟು” ಎಂದು ಕೇಳಿ. ಅವರಿಗೆ ನೆನಪಿಲ್ಲದಿದ್ದರೆ ತಿಂಗಳು ಅಂದಾಜು ಮಾಡಿ, ಆ ತಿಂಗಳ ಮಿನಿಟ್ಸಿನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ, ಉತ್ತರ 30 ದಿನದ ಒಳಗೆ ಬರಬೇಕು. ಅದೇ ಅರ್ಜಿಯಲ್ಲಿ ರಸ್ತೆ ಆಸ್ತಿ ರಿಜಿಸ್ಟರಿನಲ್ಲಿ ಇದೆಯೇ ಎಂದೂ ಕೇಳಿಬಿಡಿ. “ನನ್ನ ರಸ್ತೆ ಯಾಕೆ ಮಾಡಿಲ್ಲ” ಎಂದು ಕೇಳಬೇಡಿ. ಅದಕ್ಕೆ “ಫಂಡಿಲ್ಲ” ಎಂಬ ಒಂದೇ ಉತ್ತರ ಬರುತ್ತದೆ. ಇಂಥ ದಾಖಲೆಯ ಪ್ರತಿ ಕೊಡಿ ಎಂದರೆ ಕೊಡದೆ ದಾರಿಯಿಲ್ಲ.

ಪ್ರಶ್ನೆ: ಮಗು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಜನನ ಸರ್ಟಿಫಿಕೇಟಿಗೆ ನಮ್ಮ ಪಂಚಾಯತಿಗೆ ಹೋದರೆ “ಇಲ್ಲಿ ಆಗುವುದಿಲ್ಲ” ಎಂದರು. ನಾವು ಕೇರಳದವರಲ್ಲವೇ?
– ಒಬ್ಬ ತಾಯಿ, ವರ್ಕಾಡಿ

ಉತ್ತರ: ನೀವು ಕೇರಳದವರೇ, ಆದರೆ ಮಗು ಹುಟ್ಟಿದ ಜಾಗ ಕರ್ನಾಟಕ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಘಟನೆ ನಡೆದ ಸ್ಥಳದ ರಿಜಿಸ್ಟರಿನಲ್ಲೇ ಹೆಸರು ಬೀಳುವುದು, ಅಪ್ಪ-ಅಮ್ಮನ ಮನೆ ಎಲ್ಲಿದೆ ಎಂದು ನೋಡುವುದಿಲ್ಲ. ಗಡಿಯಲ್ಲಿರುವ ನಮಗೆ ಇದು ನಿತ್ಯದ ಕಥೆ. ಆಸ್ಪತ್ರೆಯವರು 21 ದಿನದ ಒಳಗೆ ಮಾಹಿತಿ ಕಳಿಸುತ್ತಾರೆ. ಸರ್ಟಿಫಿಕೇಟು ಆ ಆಸ್ಪತ್ರೆ ಇರುವ ಸ್ಥಳದ ನೋಂದಣಾಧಿಕಾರಿಯಿಂದ ಸಿಗುತ್ತದೆ. ಡಿಸ್ಚಾರ್ಜು ಆಗುವ ದಿನವೇ ಆಸ್ಪತ್ರೆಯಲ್ಲಿ “ನಮ್ಮದು ಯಾವ ಕಛೇರಿಗೆ ಹೋಗುತ್ತದೆ” ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಂಗಳೂರು ಎಂದು ನಾವು ಹೇಳುವ ಎಲ್ಲ ಆಸ್ಪತ್ರೆಗಳೂ ಮಹಾನಗರಪಾಲಿಕೆಯ ಒಳಗೆ ಇಲ್ಲ.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ ಎಂದು ಬರೆದಿದ್ದೀರಿ. ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ, ಒಂದು ವರ್ಷದ ಒಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಸೇರಿಸುವ ಮೊದಲು ಮನೆಯವರೆಲ್ಲ ಕೂತು ಇಂಗ್ಲಿಷ್ ಅಕ್ಷರ ಒಂದೊಂದಾಗಿ ತೀರ್ಮಾನ ಮಾಡಿ. ಇನಿಶಿಯಲ್ ಹಿಂದೆಯೋ ಮುಂದೆಯೋ, ಮನೆ ಹೆಸರು ಬೇಕೋ ಬೇಡವೋ, ಎಲ್ಲ. 2023ರ ತಿದ್ದುಪಡಿಯ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟು, ಆಧಾರ್ ಎಲ್ಲಕ್ಕೂ ಈ ಕಾಗದವೇ ಜನನದ ಆಧಾರ. ಗಲ್ಫಿಗೆ ಹೊರಟ ಹುಡುಗರು ಅಪ್ಪನ ಹೆಸರಿನ ಒಂದು ಅಕ್ಷರಕ್ಕಾಗಿ ಕೌಂಟರಿನಲ್ಲಿ ಅತ್ತದ್ದನ್ನು ನಾನು ನೋಡಿದ್ದೇನೆ.

ಮರಣಕ್ಕೂ ಇದೇ ಕ್ರಮ. ಇನ್ನೊಬ್ಬರು ಕೇಳಿದ್ದಾರೆ: ಆಂಬುಲೆನ್ಸಿನಲ್ಲಿ ಹೋಗುವಾಗ ದಾರಿಯಲ್ಲೇ ತೀರಿಕೊಂಡರೆ? ಚಲಿಸುವ ವಾಹನದಲ್ಲಿ ಆದ ಮರಣವನ್ನು ವಾಹನ ಮೊದಲು ನಿಂತ ಸ್ಥಳದಲ್ಲಿ ತಿಳಿಸಬೇಕು ಎಂದು ನಿಯಮ. ಗಡಿಯ ತಲಪಾಡಿ ದಾಟುವ ಮೊದಲೋ ನಂತರವೋ ಎಂಬುದು ಅಂಥ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ, ಆದರೂ ಚಾಲಕರ ಹೆಸರು, ಫೋನ್ ನಂಬ್ರ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮಗಳ ಮದುವೆ ಕಟೀಲಿನಲ್ಲಿ ಆಯಿತು. ವರನೂ ನಮ್ಮ ಊರಿನವನೇ. ಮದುವೆ ರಿಜಿಸ್ಟ್ರಿ ನಮ್ಮ ಪಂಚಾಯತಿನಲ್ಲಿ ಆಗುತ್ತದೆಯೇ?
– ಓದುಗರು, ಪೈವಳಿಕೆ

ಉತ್ತರ: ಆಗುವುದಿಲ್ಲ. ಮೇಲಿನ ಉತ್ತರದ ಕಾರಣವೇ ಇಲ್ಲಿಗೂ. ಕೇರಳದ 2008ರ ವಿವಾಹ ನೋಂದಣಿ ನಿಯಮದಂತೆ ಮದುವೆ ನಡೆದ ಸ್ಥಳದ ಪಂಚಾಯತು ಅಥವಾ ನಗರಸಭೆಯಲ್ಲಿ ನೋಂದಣಿ. ಮಧೂರಿನಲ್ಲಿ ತಾಳಿ ಕಟ್ಟಿದ್ದರೆ ಮಧೂರು ಪಂಚಾಯತು. ಕಟೀಲಾದರೆ ಕರ್ನಾಟಕದ ಉಪನೋಂದಣಾಧಿಕಾರಿ ಕಛೇರಿ. ದೇವಸ್ಥಾನದ ರಶೀದಿ, ಆಮಂತ್ರಣ ಪತ್ರ ಜೋಪಾನ ಮಾಡಿ. ಕೇರಳದೊಳಗೆ ಆದ ಮದುವೆಯನ್ನು 45 ದಿನದ ಒಳಗೆ ಮಾಡಿಸಿದರೆ ತಲೆನೋವಿಲ್ಲ. ಆಮೇಲೂ ಆಗುತ್ತದೆ, ತುಂಬಾ ತಡವಾದರೆ ಮೇಲಧಿಕಾರಿಯ ಅನುಮತಿ ಬೇಕು.

ಪ್ರಶ್ನೆ: ಮನೆ ತೆರಿಗೆ ತಪ್ಪದೆ ಕಟ್ಟುತ್ತೇನೆ. ಈಗ ವಿಲೇಜ್ ಆಫೀಸಿನಿಂದ ಕಟ್ಟಡ ತೆರಿಗೆ ಎಂದು ಮತ್ತೊಂದು ನೋಟೀಸು ಬಂದಿದೆ. ಒಂದೇ ಮನೆಗೆ ಎಷ್ಟು ಸಲ ಕಟ್ಟಬೇಕು?
– ಹೊಸ ಮನೆ ಕಟ್ಟಿದವರು, ಬದಿಯಡ್ಕ

ಉತ್ತರ: ಎರಡು ಕಛೇರಿ, ಎರಡು ಕಾಯಿದೆ. ವಿಲೇಜ್ ಆಫೀಸು ಕಂದಾಯ ಇಲಾಖೆಯದ್ದು. ಪಂಚಾಯತಿಗೆ ಕಟ್ಟುವುದು ಪ್ರತಿ ಅರ್ಧ ವರ್ಷದ ತೆರಿಗೆ. ವಿಲೇಜಿನಿಂದ ಬಂದದ್ದು 1975ರ ಕೇರಳ ಕಟ್ಟಡ ತೆರಿಗೆ ಕಾಯಿದೆಯದ್ದು, ಅದು ಹೊಸ ಮನೆಗೆ ಒಂದೇ ಸಲ. ವಾಸದ ಮನೆ 100 ಚದರ ಮೀಟರ್ ಮೀರದಿದ್ದರೆ ಅದು ಇಲ್ಲ. ಮನೆ 278.7 ಚದರ ಮೀಟರ್ ದಾಟಿದರೆ ವರ್ಷ ವರ್ಷ ಐಷಾರಾಮ ತೆರಿಗೆಯೂ ವಿಲೇಜಿಗೆ. ಜಾಗದ ತೀರ್ವೆ ಹೇಗೂ ವಿಲೇಜಿನದ್ದೇ. ಪಂಚಾಯತಿನವರ ಮೇಲೆ ಸಿಟ್ಟಾಗಿ ನನಗೆ ಎರಡು ಪುಟ ಬರೆದಿದ್ದೀರಿ. ಈ ಸಲ ಅವರದ್ದು ತಪ್ಪಿಲ್ಲ.

ಪಂಚಾಯತಿನ ತೆರಿಗೆ ಹೋದ ವರ್ಷಕ್ಕಿಂತ ಏಕೆ ಜಾಸ್ತಿ ಎಂದೂ ಕೇಳಿದ್ದೀರಿ. 2023ರಿಂದ ವರ್ಷಕ್ಕೆ ಶೇಕಡ 5ರಂತೆ ಏರುತ್ತದೆ. ಅದೇ ವರ್ಷ 60 ಚದರ ಮೀಟರ್ ಒಳಗಿನ, ತಾವೇ ವಾಸ ಮಾಡುವ ಸಣ್ಣ ಮನೆಗಳಿಗೆ ತೆರಿಗೆ ಬಿಟ್ಟರು. ನಿಮ್ಮ ಅಮ್ಮನ ಹಳೇ ಮನೆ ಅಷ್ಟೇ ಇದೆ ಎಂದು ಬರೆದಿದ್ದೀರಿ. ಅದು ತಾನಾಗಿ ಕಡಿಮೆಯಾಗಲಿ ಎಂದು ಕಾಯದೆ ಒಂದು ಅರ್ಜಿ ಕೊಡಿ. ಆ ಮನೆ ನಂಬ್ರ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ಬದಲಿಸಿ: ಮರಣ ಸರ್ಟಿಫಿಕೇಟು, ತಾಲೂಕು ಕಛೇರಿಯ ವಾರೀಸು ಸರ್ಟಿಫಿಕೇಟು, ತೀರ್ವೆ ರಶೀದಿ, ಉಳಿದ ವಾರೀಸುದಾರರ ಒಪ್ಪಿಗೆ. ಅಣ್ಣತಮ್ಮಂದಿರು ಮಾತು ಬಿಡುವ ಮೊದಲೇ ಇದನ್ನು ಮಾಡಿಸಿಕೊಂಡರೆ ಒಳ್ಳೆಯದು. ಕಳೆದ ಚುನಾವಣೆಗೆ ಮುಂಚೆ ವಾರ್ಡುಗಳನ್ನು ಪುನಃ ವಿಂಗಡಿಸಿ ಹೆಚ್ಚು ಮಾಡಿದ್ದಾರೆ. ಆದ್ದರಿಂದ ಹಳೇ ರಶೀದಿಯ ವಾರ್ಡು, ಮನೆ ನಂಬ್ರ ಈಗಿನದ್ದಕ್ಕೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ, ಹಳೆಯದನ್ನು ಬಿಸಾಡಲೂ ಬೇಡಿ.

ಪ್ರಶ್ನೆ: ಮನೆ ಮನೆಗೆ ಬಂದು ಪ್ಲಾಸ್ಟಿಕ್ ಕಸ ಒಯ್ಯುವ ಹರಿತಕರ್ಮಸೇನೆಯವರು ತಿಂಗಳು ತಿಂಗಳು 50 ರೂಪಾಯಿ ಕೇಳುತ್ತಾರೆ. ನಮ್ಮಲ್ಲಿ ಪ್ಲಾಸ್ಟಿಕ್ಕೇ ಇಲ್ಲ. ಯಾಕೆ ಕೊಡಬೇಕು?
– ಹಿರಿಯ ಕೃಷಿಕರು, ಎಣ್ಮಕಜೆ

ಉತ್ತರ: ಅಜ್ಜ, ಹಾಲಿನ ತೊಟ್ಟೆ? ಬಿಸ್ಕುಟಿನ ತೊಟ್ಟೆ? ಮೊಮ್ಮಕ್ಕಳು ಬಂದಾಗ ತರುವ ಚಿಪ್ಸಿನ ತೊಟ್ಟೆ? ಮಾತ್ರೆಯ ಖಾಲಿ ಪಟ್ಟಿ? ಬಚ್ಚಲೊಲೆಗೆ ಹಾಕುತ್ತೇನೆ ಎನ್ನಬೇಡಿ, ಅದಕ್ಕೆ ದಂಡ ಈ 50 ರೂಪಾಯಿಗಿಂತ ಎಷ್ಟೋ ದೊಡ್ಡದು. ಈಗ ಕಾಯಿದೆಗೇ ತಿದ್ದುಪಡಿ ತಂದಿದ್ದಾರೆ. ಈ ಹಣ ಬಾಕಿಯಾದರೆ ಮನೆ ತೆರಿಗೆಯ ಜೊತೆಗೆ ಸೇರಿಸಿ ವಸೂಲಿ ಮಾಡಬಹುದು. ಆ ಹೆಂಗಸರು ನಮ್ಮ ನಿಮ್ಮ ನೆರೆಕರೆಯವರೇ. ಸಂಬಳದ ನೌಕರರಲ್ಲ, ಈ ಹಣದಲ್ಲೇ ಅವರ ದುಡಿಮೆ. ಗುಡ್ಡೆ ಹತ್ತಿ ಗೋಣಿ ಹೊತ್ತು ಬರುವವರಿಗೆ ಗೇಟಿನಲ್ಲಿ ನಿಲ್ಲಿಸಿ ಕಾನೂನು ಹೇಳುವುದಕ್ಕಿಂತ ಒಂದು ಲೋಟ ಬೆಲ್ಲ ನೀರು ಕೊಟ್ಟರೆ ಚೆಂದ. ಆದರೆ ಅವರು ಬಾರದ ತಿಂಗಳಿನ ಹಣ ಕೇಳಿದರೆ ನಿಮ್ಮ ಪ್ರಶ್ನೆ ನ್ಯಾಯವೇ. ಬಂದ ದಿನದ ರಶೀದಿ ಕೇಳಿ ಪಡೆಯಿರಿ, ಬಾರದ ತಿಂಗಳನ್ನು ಗುರುತು ಹಾಕಿಟ್ಟು ಸೆಕ್ರೆಟರಿಗೆ ಬರೆದು ಕೊಡಿ.

ಪ್ರಶ್ನೆ: ಪಂಚಾಯತಿನಿಂದ ಬರುವ ನೋಟೀಸು, ಫಾರಂ ಎಲ್ಲ ಮಲಯಾಳದಲ್ಲಿ. ನಾವು ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳಬೇಕೆಂದು ಕಾನೂನಿದೆಯೇ? ಮಹಾಜನ ವರದಿ ಏನಾಯಿತು?
– ನಿವೃತ್ತ ಕನ್ನಡ ಅಧ್ಯಾಪಕರು

ಉತ್ತರ: ಮಾಷ್ಟ್ರೇ, ಎರಡನೆಯದಕ್ಕೆ ಮೊದಲು ಉತ್ತರ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಯಾಗಲಿಲ್ಲ. ಅದರ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟು ಇದ್ದಾರೆ, ನನ್ನದು ಕೌಂಟರಿನ ಆಚೆ ಈಚೆಯ ವಿಷಯ ಮಾತ್ರ.

ಮೊದಲನೆಯದಕ್ಕೆ: 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳು, ಕನ್ನಡದವರಿಗೆಂದೇ ಒಂದು ಸೆಕ್ಷನ್ ಇದೆ. ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸರ್ಕಾರಿ ಕಛೇರಿಗಳಿಗೆ ನಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅದರ ಮೇಲೆ, ದೇಶದ ಅಥವಾ ರಾಜ್ಯದ ಬಳಕೆಯ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಎನ್ನುವ ಸಂವಿಧಾನದ 350ನೇ ವಿಧಿ. ಬರೆದ ಕಾಯಿದೆ ಹೀಗಿದೆ. ನಡೆಯುವುದು ಹೇಗೆ ಎಂದರೆ, ಸೀಟಿನಲ್ಲಿ ಕನ್ನಡ ಬಲ್ಲವರು ಇದ್ದರೆ ನಡೆಯುತ್ತದೆ, ಇಲ್ಲದಿದ್ದರೆ “ಇದನ್ನು ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ” ಎನ್ನುತ್ತಾರೆ. ಪಿಎಸ್‌ಸಿಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದು ಕ್ಲಾರ್ಕು ಹುದ್ದೆಗಳಿವೆ, ನಾನು ಕೆಲಸಕ್ಕೆ ಸೇರಿದ್ದೂ ಅದರಲ್ಲೇ. ಎರಡು ಭಾಷೆಯವರೆಂದು ತೆಗೆದುಕೊಂಡವರನ್ನು ಕನ್ನಡದ ಅರ್ಜಿಯೇ ಬಾರದ ಸೀಟಿನಲ್ಲಿ ಕೂರಿಸಿದರೆ ಏನು ಪ್ರಯೋಜನ?

ನನಗೆ ಬೇಸರ ಇರುವುದು ನಮ್ಮವರ ಮೇಲೂ. ಮನೆಯಲ್ಲಿ ಕನ್ನಡ ಪೇಪರು ಓದುವವರು ಪೇಟೆಯ ಟೈಪಿನ ಅಂಗಡಿಗೆ ಹೋಗಿ, ತಮಗೆ ಓದಲು ಬಾರದ ಮಲಯಾಳದ ಅರ್ಜಿಯ ಅಡಿಗೆ ಕನ್ನಡದಲ್ಲಿ ಸಹಿ ಹಾಕಿ ತರುತ್ತಿದ್ದರು. ಒಬ್ಬರು ಬೀದಿದೀಪ ಬೇಕೆಂದು ಬಂದವರು. ಕಾಗದ ಓದಿ ನೋಡಿದರೆ ಮನೆ ನಂಬ್ರ ಬದಲಾವಣೆಯ ಅರ್ಜಿ. ಅಂಗಡಿಯವನ ಹತ್ತಿರ ಹಿಂದಿನ ಗಿರಾಕಿಯದ್ದು ಕಂಪ್ಯೂಟರಿನಲ್ಲಿ ಉಳಿದಿತ್ತು! ನೀವು ಕನ್ನಡದಲ್ಲೇ ಬರೆಯಿರಿ ಮಾಷ್ಟ್ರೇ, ಚೊಕ್ಕ ಅಕ್ಷರದಲ್ಲಿ, ಅರ್ಧ ಪುಟಕ್ಕೆ ಮೀರದ ಹಾಗೆ. ತಾರೀಕು, ವಾರ್ಡು, ಮನೆ ನಂಬ್ರ ಹಾಕಿ. ಫ್ರಂಟ್ ಆಫೀಸಿನ ರಶೀದಿ ಇಲ್ಲದೆ ಮೆಟ್ಟಲು ಇಳಿಯಬೇಡಿ. ಮೌಖಿಕವಾಗಿ ಬೇಡ ಎಂದರೆ “ಬೇಡ ಎಂದು ಬರೆದು ಕೊಡಿ” ಎನ್ನಿ. ಹಾಗೆ ಬರೆದು ಕೊಟ್ಟವರನ್ನು ನಾನು ನೋಡಿಲ್ಲ.

ಈಗ ಅರ್ಜಿಗಳೆಲ್ಲ ಕೆ-ಸ್ಮಾರ್ಟ್ ಎಂಬ ಆನ್ಲೈನ್ ವ್ಯವಸ್ಥೆಯಲ್ಲಿ ಹೋಗುತ್ತವೆ. ನಗರಸಭೆಗಳಲ್ಲಿ 2024ರ ಜನವರಿಯಿಂದ, ಪಂಚಾಯತುಗಳಲ್ಲಿ 2025ರ ಏಪ್ರಿಲಿನಿಂದ. ದುಬಾಯಿಯಲ್ಲಿ ಕೂತ ಮಗ ಅಲ್ಲಿಂದಲೇ ತೆರಿಗೆ ಕಟ್ಟಬಹುದು, ಅದು ದೊಡ್ಡ ಉಪಕಾರವೇ. ಕಾಗದದ ಕಾಲದಲ್ಲಿ ನಮ್ಮ ಅಕ್ಷರ ಫೈಲಿನಲ್ಲಾದರೂ ಉಳಿಯುತ್ತಿತ್ತು. ಕಂಪ್ಯೂಟರಿನ ಕಾಲಂ ತುಂಬುವಾಗಲೂ ಕನ್ನಡದ ಅರ್ಜಿಯನ್ನೇ ಸ್ಕ್ಯಾನ್ ಮಾಡಿ ಜೊತೆಗೆ ಸೇರಿಸಿ.

ಪ್ರಶ್ನೆ: ತಿಂಗಳುಗಟ್ಟಲೆ ಬೀದಿದೀಪ ಉರಿಯುತ್ತಿಲ್ಲ. ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯವರು ಪಂಚಾಯತು ಎನ್ನುತ್ತಾರೆ, ಪಂಚಾಯತಿನವರು ಕೆಎಸ್‌ಇಬಿ ಎನ್ನುತ್ತಾರೆ.

ಉತ್ತರ: ಕಂಬ ಮತ್ತು ತಂತಿ ಕೆಎಸ್‌ಇಬಿಯದ್ದು, ಬಲ್ಬು ಮತ್ತು ಕರೆಂಟಿನ ಬಿಲ್ಲು ಪಂಚಾಯತಿನದ್ದು. ಕಂಬದ ಮೇಲೆ ಪೈಂಟಿನಲ್ಲಿ ನಂಬ್ರ ಇರುತ್ತದೆ, ಅದನ್ನು ಬರೆದು ಪಂಚಾಯತಿಗೆ ಕೊಡಿ. “ಅಶ್ವತ್ಥಕಟ್ಟೆ ಹತ್ತಿರದ ಲೈಟು” ಎಂದರೆ ರಿಪೇರಿಯವರು ಬೇರೆ ಕಟ್ಟೆಗೆ ಹೋಗಿ ಬರುತ್ತಾರೆ.

ಪ್ರಶ್ನೆ: ಕಾಡುಹಂದಿಯ ಉಪದ್ರ ತಡೆಯಲಾಗುತ್ತಿಲ್ಲ. ಪಂಚಾಯತು ಅಧ್ಯಕ್ಷರು ಗುಂಡು ಹೊಡೆಸಬಹುದಂತೆ, ಹೌದೇ?
– ಓದುಗರು, ದೇಲಂಪಾಡಿ

ಉತ್ತರ: ಹೌದು. 2022ರಲ್ಲಿ ಸರ್ಕಾರ ಪಂಚಾಯತು ಅಧ್ಯಕ್ಷರಿಗೆ, ನಗರಸಭಾ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿತು, ಅವಧಿ ವಿಸ್ತರಿಸುತ್ತ ಬಂದಿದೆ. ಲೈಸೆನ್ಸ್ ಇರುವ ಕೋವಿಯವರ ಪಟ್ಟಿ ಪಂಚಾಯತಿನಲ್ಲಿ ಇರಬೇಕು, ಅವರಿಂದ ಮಾತ್ರ. ವಿಷ, ಕರೆಂಟು, ಸ್ಫೋಟಕ ಯಾವುದೂ ಕೂಡದು. ನಿಮ್ಮ ಕಡೆ ಕಷ್ಟ ಏನೆಂದರೆ ಕೋವಿ ಇರುವವರೇ ಕಡಿಮೆ, ಇದ್ದವರಿಗೆ ವಯಸ್ಸಾಗಿದೆ, ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಯಲ್ಲಿಡಬೇಕು. ಪಟ್ಟಿಯಲ್ಲಿ ಈಗ ಎಷ್ಟು ಮಂದಿ ಇದ್ದಾರೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಬೆಳೆ ಹಾನಿಯ ಪರಿಹಾರ ಪಂಚಾಯತಿನದ್ದಲ್ಲ, ಅರಣ್ಯ ಇಲಾಖೆಗೆ ಅಕ್ಷಯ ಕೇಂದ್ರದಿಂದ (ಸರ್ಕಾರಿ ಆನ್ಲೈನ್ ಸೇವೆಯ ಕೇಂದ್ರ) ಅರ್ಜಿ ಹಾಕಿ. ಬಿದ್ದ ಬಾಳೆ, ತೆಂಗಿನ ಸಸಿಯನ್ನು ತೆಗೆದು ಹಾಕುವ ಮೊದಲು ಫೋಟೋ ತೆಗೆಯಿರಿ.

ಪ್ರಶ್ನೆ: ಪಕ್ಕದವರು ನಮ್ಮ ಕುಡಿಯುವ ನೀರಿನ ಬಾವಿಯ ಹತ್ತಿರವೇ ಕಕ್ಕಸು ಗುಂಡಿ ತೋಡುತ್ತಿದ್ದಾರೆ.

ಉತ್ತರ: ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ದೂರ ಇರಲೇಬೇಕು. ಟೇಪು ಹಿಡಿದು ಅಳೆಯಿರಿ, ಅಳತೆ ಬರೆದು ಸೆಕ್ರೆಟರಿಗೆ ಇಂದೇ ಅರ್ಜಿ ಕೊಡಿ. ಗುಂಡಿಗೆ ಕಲ್ಲು ಕಟ್ಟಿದ ಮೇಲೆ ತೆಗೆಸುವುದು ಹತ್ತು ಪಟ್ಟು ಕಷ್ಟ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯುವವರು ಬಾವಿ ಎಂದಷ್ಟೇ ಬರೆಯದೆ ಸುರಂಗ ಗುಡ್ಡದೊಳಗೆ ಯಾವ ದಿಕ್ಕಿಗೆ ಹೋಗಿದೆ ಎಂಬ ಗೆರೆ ಎಳೆದು ತೋರಿಸಿ. ಬೇರೆ ಕಡೆಯಿಂದ ಬಂದ ಇಂಜಿನಿಯರಿಗೆ ಸುರಂಗ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರಶ್ನೆ: ಅಮ್ಮನ ಪಿಂಚಣಿ ನಿಂತುಹೋಗಿದೆ. ಮೆಂಬರ್ ಬೇರೆ ಪಕ್ಷದವರು, ಅವರೇ ತೆಗೆಸಿದ್ದೆಂದು ಅನುಮಾನ.

ಉತ್ತರ: ಮೊದಲು ಮಸ್ಟರಿಂಗ್ ಆಗಿದೆಯೋ ನೋಡಿ. ಬದುಕಿದ್ದೇನೆ ಎಂದು ಅಕ್ಷಯ ಕೇಂದ್ರದಲ್ಲಿ ಬೆರಳೊತ್ತಿ ಬರುವ ಕೆಲಸ ಅದು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ, ಅದಕ್ಕೆ ಯಾವ ಪಕ್ಷವೂ ಬೇಡ. ಹಾಸಿಗೆ ಹಿಡಿದವರಾದರೆ ಮನೆಗೇ ಬಂದು ಮಾಡುವ ಏರ್ಪಾಡು ಇದೆ, ಹೇಳಿಟ್ಟು ಬನ್ನಿ. ಬೆರಳು ಸವೆದು ಗುರುತು ಸಿಗದ ಬೀಡಿ ಕಟ್ಟಿದ ಅಮ್ಮಂದಿರಿಗೂ ಬೇರೆ ದಾರಿ ಇದೆ, ಪಂಚಾಯತಿನ ಪಿಂಚಣಿ ಸೆಕ್ಷನಿನಲ್ಲಿ ಕೇಳಿ. ಕ್ಷೇಮ ಪಿಂಚಣಿ 2025ರ ನವೆಂಬರಿನಿಂದ ತಿಂಗಳಿಗೆ 2,000 ರೂಪಾಯಿ ಆಗಿದೆ, ಹಳೇ 1,600ರ ಲೆಕ್ಕ ಹಾಕಬೇಡಿ.

ಪ್ರಶ್ನೆ: ಅಕ್ಕ, ನಾನು ಮಹಿಳಾ ಮೀಸಲಿನಲ್ಲಿ ಗೆದ್ದ ಹೊಸ ಮೆಂಬರ್. ಪಿಯುಸಿ ಕನ್ನಡದಲ್ಲಿ ಓದಿದವಳು. ಮೀಟಿಂಗಿನಲ್ಲಿ ಮಲಯಾಳದ ಕಾಗದ ತಿರುವಿ ಹಾಕುವುದರಲ್ಲೇ ಸಹಿಯ ಹೊತ್ತು ಬರುತ್ತದೆ. ಮನೆಯವರು “ನಾನೇ ನೋಡಿಕೊಳ್ಳುತ್ತೇನೆ” ಎನ್ನುತ್ತಾರೆ. ಏನು ಮಾಡಲಿ?
– ಹೆಸರು, ಊರು ಬೇಡ

ಉತ್ತರ: ನಿಮ್ಮ ಕಾಗದ ನನಗೆ ಎಲ್ಲಕ್ಕಿಂತ ಹಿಡಿಸಿತು. ಮನೆಯವರು ನೋಡಿಕೊಳ್ಳುವುದು ಬೇಡ. ನಿಮ್ಮ ಸೀಟಿನಲ್ಲಿ ಅವರು ಕೂರುವಂತಿಲ್ಲ, ಸೆಕ್ರೆಟರಿ ಹತ್ತಿರ ನಿಮ್ಮ ಪರವಾಗಿ ಮಾತಾಡುವ ಹಕ್ಕೂ ಅವರಿಗಿಲ್ಲ. ಬೇಕಿದ್ದರೆ ಸ್ಕೂಟರಿನಲ್ಲಿ ಬಿಟ್ಟು ಹೋಗಲಿ.

ಅಜೆಂಡಾ ಕೈಗೆ ಬಂದ ದಿನವೇ ಕೂತು ಓದಿ. ಮಲಯಾಳ ಓದಲು ನಿಧಾನವಾದರೆ ನಿಮ್ಮ ವಾರ್ಡಿನ ಕಾಲೇಜು ಹುಡುಗಿಯೊಬ್ಬಳನ್ನು ಕೂರಿಸಿಕೊಳ್ಳಿ. ಮೊದಲು ನೋಡಬೇಕಾದ್ದು ಜಮಾ-ಖರ್ಚಿನ ಪಟ್ಟಿ, ಎರಡನೆಯದು ಟೆಂಡರು. ಅರ್ಥವಾಗದ ವಿಷಯದ ಫೈಲನ್ನು ಮೀಟಿಂಗಿನ ಹಿಂದಿನ ದಿನ ಹೋಗಿ ತೋರಿಸಿ ಎಂದು ಕೇಳಿ. ಸಂಬಂಧಪಟ್ಟ ಸೀಟಿನ ಕ್ಲಾರ್ಕ್ ವಿವರಿಸಿ ಹೇಳುತ್ತಾರೆ. ನಾವು ಕ್ಲಾರ್ಕುಗಳಿಗೆ ಅಂಥ ಮೆಂಬರ್ ಕಂಡರೆ ಮೊದಲು ಕಿರಿಕಿರಿ, ಆರು ತಿಂಗಳಲ್ಲಿ ಗೌರವ. ಮೀಟಿಂಗಿನಲ್ಲಿ ಕನ್ನಡದಲ್ಲೇ ಮಾತಾಡಿ. ಯಾವುದಾದರೂ ತೀರ್ಮಾನಕ್ಕೆ ನೀವು ವಿರೋಧವಾಗಿದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಭಿನ್ನಾಭಿಪ್ರಾಯವನ್ನು ಬರೆದು ಕೊಡಿ, ಅದು ಮಿನಿಟ್ಸಿನ ಜೊತೆ ನಿಲ್ಲುತ್ತದೆ. ಆಡಿಟಿನವರು ಬಂದು ಕೆದಕುವಾಗ ಆ ಕಾಗದ ನಿಮ್ಮನ್ನು ಕಾಪಾಡುತ್ತದೆ.

ನಾಲ್ಕು ಸ್ಥಾಯಿ ಸಮಿತಿಗಳಿವೆ: ಹಣಕಾಸು, ಅಭಿವೃದ್ಧಿ, ಕ್ಷೇಮಕಾರ್ಯ, ಆರೋಗ್ಯ-ಶಿಕ್ಷಣ. ಹಣಕಾಸಿಗೆ ಉಪಾಧ್ಯಕ್ಷರೇ ಅಧ್ಯಕ್ಷರು. ಹೆಂಗಸರನ್ನೆಲ್ಲ ಕ್ಷೇಮಕಾರ್ಯಕ್ಕೆ ತಳ್ಳುವುದು ಹಳೇ ಚಾಳಿ. ನೀವು ಯಾವುದರಲ್ಲೇ ಇರಿ, ಅದರ ಮೀಟಿಂಗು ತಪ್ಪಿಸಬೇಡಿ. ಅನುಮತಿಯಿಲ್ಲದೆ ಸತತ ಮೂರು ತಿಂಗಳು ಮೀಟಿಂಗಿಗೆ ಹೋಗದಿದ್ದರೆ ಸದಸ್ಯತ್ವವೇ ಹೋಗುತ್ತದೆ.

ಅದಕ್ಕಿಂತ ಮುಖ್ಯ ಗ್ರಾಮಸಭೆ. ನಿಮ್ಮ ವಾರ್ಡಿನ ಗ್ರಾಮಸಭೆಯ ಸಂಚಾಲಕಿ ನೀವೇ. ಮೂರು ತಿಂಗಳಿಗೊಮ್ಮೆ ಕರೆಯಬೇಕು. ಸತತ ಎರಡು ಸಲ ಕರೆಯದಿದ್ದರೆ ಅನರ್ಹತೆ. ಮತದಾರರಲ್ಲಿ ಶೇಕಡ 10 ಮಂದಿ ಬರಬೇಕು. ನಮ್ಮ ಕಡೆ ಇದಕ್ಕೊಂದು ಕೆಟ್ಟ ಕ್ರಮ ಉಂಟು, ಮನೆ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸುವುದು. ಅದಕ್ಕೆ ಮಾತ್ರ ಒಪ್ಪಬೇಡಿ. ಅಡಿಕೆ ಸುಲಿಯುವ, ಬೀಡಿ ಕಟ್ಟುವ ಹೆಂಗಸರಿಗೆ ಬೆಳಿಗ್ಗೆ ಹತ್ತೂವರೆ ಆಗುವುದಿಲ್ಲ, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅಂಗನವಾಡಿಯಲ್ಲೋ ಶಾಲೆಯಲ್ಲೋ ಇಡಿ. ನೋಟೀಸು ಕನ್ನಡದಲ್ಲೂ ಬೇಕೆಂದು ಸೆಕ್ರೆಟರಿಗೆ ಬರೆದು ಕೊಡಿ. ಅಚ್ಚು ಮಾಡಿಸಲು ತಡವಾದರೆ ಕೈಯಲ್ಲಿ ಬರೆದ ಹಾಳೆಯನ್ನೇ ಜೆರಾಕ್ಸ್ ಮಾಡಿಸಿ ರೇಶನ್ ಅಂಗಡಿ, ಹಾಲಿನ ಡಿಪೋ, ಬಸ್ ಸ್ಟಾಪು, ಮಸೀದಿ, ಭಜನಾ ಮಂದಿರ ಎಲ್ಲ ಕಡೆ ಅಂಟಿಸಿ. ಸಭೆಯಲ್ಲಿ ಬಂದ ಬೇಡಿಕೆಗಳನ್ನು ಸಂಯೋಜಕ ಅಧಿಕಾರಿ ಮಿನಿಟ್ಸಿಗೆ ಬರೆಯುತ್ತಾರೆ. ಅವರು ಎದ್ದು ಹೋಗುವ ಮೊದಲು, ಜನ ಇನ್ನೂ ಕೂತಿರುವಾಗಲೇ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ.